ಬುಡಕ್ಕೆ ಮುಟ್ಟದ ನೀರು

ಒದ್ದೆ ಗೋಣಿ ಹೊದಿಸಿಟ್ಟ ಹಿಪ್ಪುನೇರಳೆ ಸೊಪ್ಪು, ಪಕ್ಕದಲ್ಲಿ ಬೆಚ್ಚಗಾಗುತ್ತಿದ್ದ ಹುಳುವಿನ ಹಿಕ್ಕೆ, ನೆಲಕ್ಕೆ ಎರಚಿದ ಸುಣ್ಣ. ಈ ಮೂರೂ ಬೆರೆತ ವಾಸನೆಯಲ್ಲೇ ನಾನು ಬೆಳೆದದ್ದು. ನಮ್ಮ ಅಜ್ಜಿ ರೇಷ್ಮೆ ಹುಳು ಸಾಕುವ ಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಒಳಗೆ ಹೋಗುವ ಗಂಡಸರೆಲ್ಲ ಅವರ ಮುಂದೆ ಬಗ್ಗಿ "ಹಾ" ಎಂದು ಉಸಿರು ಬಿಡಬೇಕಿತ್ತು. ಬೀಡಿಯದೋ ಹೆಂಡದ್ದೋ ವಾಸನೆ ಬಂದರೆ, "ನಡಿ, ಕುರಿ ದೊಡ್ಡೀಲಿ ಬಿದ್ಕೊ" ಎಂದು ಅಟ್ಟುತ್ತಿದ್ದರು. ನಮ್ಮ ತಾತನನ್ನೂ ಒಮ್ಮೆ ಅಟ್ಟಿದ್ದುಂಟು. ಹುಳು ಬಲು ಸೂಕ್ಷ್ಮ, ಕೆಟ್ಟ ವಾಸನೆಗೆ ಮೇವು ಬಿಡುತ್ತದೆ ಎನ್ನುವುದು ನಮ್ಮ ಮನೆಯ ನಂಬಿಕೆ.

ಅಜ್ಜಿ ಹೋಗಿ ಐವತ್ತು ವರ್ಷವಾದರೂ ಆ ಕಟ್ಟಳೆ ಹೋಗಲಿಲ್ಲ. ಕನಕಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ, ಯಜಮಾನರು ತೀರಿಕೊಂಡ ಮೇಲೆ ನಾನು ತಮ್ಮನ ಮನೆಗೆ ಬಂದೆ. ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಎರಡು ಎಕರೆ ಹಿಪ್ಪುನೇರಳೆ, ಹನ್ನೊಂದು ಕುರಿ. ತಮ್ಮ ಪುಟ್ಟಲಿಂಗಯ್ಯ, ಅವನ ಹೆಂಡತಿ ಭದ್ರಮ್ಮ, ಮಗ ಗಂಗರಾಜು, ಸೊಸೆ ನವ್ಯಶ್ರೀ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಮಾನ್ಯ. ನವ್ಯಶ್ರೀ ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೆ ವ್ಯಾನು ಬರುತ್ತದೆ. ಹಾಗಾಗಿ ಹುಳುವಿನ ಕೆಲಸವೆಲ್ಲ ಗಂಗರಾಜುವಿನದೇ.

ಗಂಗ ಕುಡಿಯುತ್ತಿದ್ದ. ಅದು ಊರಿಗೇ ಗೊತ್ತಿದ್ದ ವಿಷಯ. ಆದರೆ ಭದ್ರಮ್ಮ ಅದನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದಳು: "ಕುಡೀತಾನೆ, ಇಲ್ಲ ಅನ್ನಲ್ಲ. ಆದ್ರೆ ಹುಳದ ಕೆಲ್ಸ ಮುಗಿಯೋಗಂಟ ಒಂದ್ ತೊಟ್ಟು ಬಾಯ್ಗಿಕ್ಕಲ್ಲ ಕಣವ್ವ ನನ್ ಮಗ."

ನಿಜವೇ. ಸಂಜೆ ಆರಕ್ಕೆ ಕೊನೆಯ ಸೊಪ್ಪು ಹಾಕಿ, ಹುಳು ಮನೆಯ ಬಾಗಿಲು ಎಳೆದುಕೊಂಡು, ಸ್ನಾನ ಮಾಡಿ, ಅಪ್ಪನ ಜೊತೆ ಜಗಲಿಯ ಮೇಲೆ ಕೂರುತ್ತಿದ್ದ. ಅಪ್ಪನದು ಐವತ್ತು ವರ್ಷದಿಂದ ಒಂದೇ ಲೋಟ. ಮಗನದು ಎಷ್ಟು ಎಂದು ಯಾರೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಹೊಟ್ಟೆ ಭಾರವಾಗುತ್ತದೆಂದು ತಿಂಡಿ ತಿನ್ನುತ್ತಿರಲಿಲ್ಲ. ಮಧ್ಯಾಹ್ನ ನಿಂತುಕೊಂಡೇ ಅರ್ಧ ಮುದ್ದೆ. ಸಂಜೆ ಖಾಲಿ ಹೊಟ್ಟೆಗೆ, ಇಡೀ ದಿನದ ಆಸೆಯನ್ನು ಅರ್ಧ ಗಂಟೆಯಲ್ಲಿ ತೀರಿಸಿಕೊಳ್ಳುತ್ತಿದ್ದ. ಬಗ್ಗಿ ಕೊಯ್ದು ಬೆನ್ನು ನೋವು ಎಂದಾಗೆಲ್ಲ ನನ್ನ ಮೊಣಕಾಲಿನ ಮಾತ್ರೆಯ ಡಬ್ಬಿ ತೆರೆದು ನಾನೇ ಒಂದು ಕೊಡುತ್ತಿದ್ದೆ. "ನೀನೇ ನನ್ ಡಾಕ್ಟ್ರು ಅತ್ತೆ" ಎನ್ನುತ್ತಿದ್ದ. ನನಗೂ ಅದು ಇಷ್ಟವಾಗುತ್ತಿತ್ತು.

ಆಷಾಢದ ಕೊನೆಯ ವಾರ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಐದು ದಿನವಾಗಿತ್ತು. ಹೊರೆ ಹೊರೆ ಸೊಪ್ಪು ಮೇಯುವ, ಗೂಡು ಕಟ್ಟಲು ಇನ್ನು ಮೂರೇ ದಿನವಿರುವ ಹೊತ್ತು. ಬೆಳಿಗ್ಗೆ ಎಂಟಕ್ಕೆ ಗಂಗ ಸೊಪ್ಪಿನ ಹೊರೆ ಹೊತ್ತು ಬಂದವನು ಹುಳು ಮನೆಯ ಮುಂದೆ ಅದನ್ನು ಇಳಿಸಿ, ಗೋಡೆ ಹಿಡಿದು ಕೂತು, ವಾಂತಿ ಮಾಡಿದ. ಕಾಫಿಯ ಗಸಿಯಂತೆ ಕಪ್ಪಗಿತ್ತು. ಹಿಂದೆಯೇ ಕೆಂಪು. ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೊರಟಿದ್ದ ಮಾನ್ಯ ಕೂಗಿದಳು: "ಅಜ್ಜಿ! ಅಪ್ಪ ರಕ್ತ ಕಕ್ತಾವ್ರೆ!"

ನಮ್ಮ ಗೂಡನ್ನು ಪ್ರತಿ ಸಲ ಮಾರ್ಕೆಟ್ಟಿಗೆ ಸಾಗಿಸುವ ಸುಹೇಲ್ ಪಕ್ಕದ ಬೀದಿಯಲ್ಲಿ ಯಾರದೋ ಗೂಡನ್ನು ತನ್ನ ಗೂಡ್ಸ್ ಆಟೋಗೆ ತುಂಬುತ್ತಿದ್ದ. ಮಾನ್ಯ ಓಡಿದಳು. ಅವನು ಅರ್ಧ ತುಂಬಿದ್ದನ್ನು ಇಳಿಸಿ, ಗೂಡಿನ ಅಡಿಗೆ ಹಾಸುವ ಬಿಳಿ ಬಟ್ಟೆಯನ್ನೇ ಆಟೋದ ಹಿಂದೆ ಹಾಸಿ, ಗಂಗನನ್ನು ಮಗುವಿನಂತೆ ಮಲಗಿಸಿದ. ರಾಮನಗರದವರೆಗೂ ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿ, ಚಿಕಿತ್ಸೆ ಮಾಡಿ ರಕ್ತ ನಿಲ್ಲಿಸಿದರು. ಕೈ ನಡುಗುವುದು ಶುರುವಾದಾಗ ಅದಕ್ಕೂ ಔಷಧಿ ಕೊಟ್ಟರು. ಮೂರನೇ ದಿನ ಡಾಕ್ಟರು ನಮ್ಮೆಲ್ಲರನ್ನೂ ಗಂಗನ ಕೋಣೆಗೆ ಕರೆದರು. ಚನ್ನಪಟ್ಟಣದ ಹುಡುಗಿ, ಹೆಸರು ಸುಹಾನಾ. ನನ್ನ ಶಿಷ್ಯೆಯರ ಮಕ್ಕಳ ವಯಸ್ಸು. ಕೋಣೆಯಲ್ಲಿ ಎರಡೇ ಕುರ್ಚಿ ಇದ್ದವು. ಒಂದರಲ್ಲಿ ನನ್ನನ್ನು ಕೂರಿಸಿ, ಇನ್ನೊಂದಾದ ತನ್ನ ಕುರ್ಚಿಯನ್ನೇ ಭದ್ರಮ್ಮನ ಕಡೆ ತಳ್ಳಿ, ತಾನು ಗಂಗನ ಮಂಚದ ಅಂಚಿಗೆ ಒರಗಿ ನಿಂತು ಮಾತಾಡಿದಳು.

ಪುಟ್ಟಲಿಂಗಯ್ಯನೇ ಮೊದಲು ಬಾಯಿ ಹಾಕಿದ. "ಕಾರ ಜಾಸ್ತಿ ತಿಂತಾನೆ ಕಣವ್ವ. ಉಷ್ಣ ಏರ್ಬುಟ್ಟದೆ."

"ಖಾರ ಅಲ್ಲ ತಾತ, ಕುಡಿತ."

"ನಾನೂ ಕುಡೀತೀನಲ್ಲ ಐವತ್ತು ವರ್ಷದಿಂದ? ನಂಗೇನಾಯ್ತು?"

"ನಿಮಗೆ ಇನ್ನೂ ಏನೂ ಆಗಿಲ್ಲ, ಒಳ್ಳೇದಾಯ್ತು. ಇವರಿಗೆ ಆಗಿದೆ." ಡಾಕ್ಟರು ನಕ್ಕರೂ ಮಾತು ಬಿಡಲಿಲ್ಲ. "ಹೊಟ್ಟೆಯ ಒಳಗೆ ಒಂದು ಮೆತ್ತನೆ ಪದರ ಇರುತ್ತೆ. ಹೊಟ್ಟೆಯ ಆಮ್ಲ ಹೊಟ್ಟೆಯನ್ನೇ ಸುಡದ ಹಾಗೆ ಕಾಯೋದು ಅದೇ. ದಿನಾ ಸವೆಯುತ್ತೆ, ದಿನಾ ಹೊಸದಾಗುತ್ತೆ. ಹೊಸದಾಗೋಕೆ ರಕ್ತ ಬೇಕು. ಅದನ್ನ ತರೋ ನಾಳಗಳು ಕೂದಲಿಗಿಂತ ಸಣ್ಣ. ಖಾಲಿ ಹೊಟ್ಟೆಗೆ ಒಂದೇ ಸಲ ಅಷ್ಟೊಂದು ಹೆಂಡ ಬಿದ್ದಾಗ ಆ ನಾಳಗಳಿಗೇ ಪೆಟ್ಟು. ರಕ್ತ ಅಲ್ಲಲ್ಲೇ ನಿಂತು ಹೋಗುತ್ತೆ. ಆ ಜಾಗದ ಪದರಕ್ಕೆ ಉಸಿರೂ ಇಲ್ಲ, ಊಟವೂ ಇಲ್ಲ. ಆಮೇಲೆ ಆಮ್ಲ ತನ್ನ ಕೆಲಸ ತಾನು ಮಾಡುತ್ತೆ."

ಗಂಗ ಚಾವಣಿ ನೋಡುತ್ತ ಮಲಗಿದ್ದ. ಕೇಳಿಸಿಕೊಂಡನೋ ಇಲ್ಲವೋ ಎಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ: "ಡ್ರಿಪ್ ಕಟ್ಕೊಂಡಂಗಾ ಡಾಕ್ಟ್ರೇ?"

"ಹಾಗಂದ್ರೆ?"

"ತೋಟದಲ್ಲಿ ಪೈಪಿನ ತುಂಬ ನೀರಿರ್ತದೆ. ತೂತಲ್ಲಿ ಪಾಚಿ ಕೂತ್ಕೊಂಡ್ರೆ ಗಿಡದ ಬುಡಕ್ಕೆ ಹನೀನೇ ಬೀಳಲ್ಲ. ನೋಡೋರಿಗೆ ಎಲ್ಲಾ ಸರಿಗೇ ಐತೆ. ಎಲೆ ಬಾಡ್ದಾಗ್ಲೇ ಗೊತ್ತಾಗೋದು."

ಡಾಕ್ಟರು ಅವನನ್ನೇ ನೋಡಿದಳು. "ಹೌದು, ಹೆಚ್ಚು ಕಮ್ಮಿ ಹಾಗೇ. ಇನ್ನು ಮೇಲೆ ಎಲ್ಲರಿಗೂ ನಾನು ಇದನ್ನೇ ಹೇಳ್ತೀನಿ. ಡ್ರಿಪ್ ಕಟ್ಟಿಕೊಂಡ್ರೆ ನೀವೇನು ಮಾಡ್ತೀರಾ?"

"ಬಿಚ್ಚಿ ತೊಳೀತೀವಿ. ಆಮೇಕೆ ಪಾಚಿ ನೀರು ಬುಡಲ್ಲ."

"ಮಾತ್ರೆ ನಾನು ಕೊಡ್ತೀನಿ. ಪಾಚಿ ನೀರು ಬಿಡದೆ ಇರೋದು ನಿಮ್ಮ ಕೆಲಸ. ಹೊಟ್ಟೆ ಮತ್ತೆ ಚಿಗುರುತ್ತೆ, ಅದು ಅಷ್ಟು ಒಳ್ಳೇದು. ಆದರೆ ಇನ್ನೊಂದು ಸಲ ಹೀಗೆ ರಕ್ತ ಹೋದರೆ, ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ. ಬೇರೆ ಏನಾದ್ರೂ ಮಾತ್ರೆ ತಗೋತಿದ್ರಾ? ನೋವಿಗೆ?"

ಗಂಗ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದ. ನನ್ನನ್ನು ಉಳಿಸಲು ನೋಡುತ್ತಿದ್ದಾನೆ ಎಂದು ಗೊತ್ತಾಯಿತು.

"ನಾನು ಕೊಡ್ತಿದ್ದೆ ಅಮ್ಮ" ಎಂದೆ. ಮಾತ್ರೆಯ ಹೆಸರನ್ನೂ ಹೇಳಿದೆ.

"ಹೇಳಿದ್ದು ಒಳ್ಳೇದಾಯ್ತು" ಎಂದು ಡಾಕ್ಟರು ಬರೆದುಕೊಂಡಳು. "ಅದೂ ಇದೂ ಸೇರಿ ಪದರವನ್ನ ಎರಡು ಕಡೆಯಿಂದ ಕಿತ್ತು ಹಾಕಿವೆ. ಇನ್ನು ಕೊಡಬೇಡಿ. ಎಷ್ಟೋ ಜನ ಮನೆಯವರು ಹೇಳೋದೇ ಇಲ್ಲ ಅಜ್ಜಿ."

ಹೊರಗೆ ಬಂದ ಮೇಲೆ ನವ್ಯಶ್ರೀ ಹೇಳಿದಳು, ಗಟ್ಟಿಯಾಗಿಯೇ: "ಮೂವತ್ತು ವರ್ಷ ಹೊಟ್ಟೆ ಚಿತ್ರ ಬೋರ್ಡ್ ಮೇಲೆ ಬರೆದೋರು ನೀವು. ನಿಮ್ಗೂ ಗೊತ್ತಾಗ್ಲಿಲ್ವಾ ದೊಡ್ಡತ್ತೆ?"

ಗೊತ್ತಿತ್ತು. ಯೋಚಿಸಿರಲಿಲ್ಲ, ಅಷ್ಟೆ. ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ಆರೂಕಾಲಿಗೆ ಮನೆಯಲ್ಲಿ ನಾನು ಕಣ್ಣು ಬಿಟ್ಟಾಗ ಬಿಸಿನೀರಿನ ಚೀಲ ಬಟ್ಟೆ ಸುತ್ತಿಕೊಂಡು ನನ್ನ ಮೊಣಕಾಲಿನ ಪಕ್ಕ ಇತ್ತು. ಅವಳು ವ್ಯಾನಿಗೆ ಹೊರಟಾಗಿತ್ತು.

ಈ ನಡುವೆ ಹುಳು ಕಾಯುವುದಿಲ್ಲವಲ್ಲ. ಗಂಗ ಆಸ್ಪತ್ರೆ ಸೇರಿದ ಮರುದಿನವೇ, ಬೆಳಕು ಹರಿಯುವ ಮೊದಲು, ಆಗಾಗ ಅವನ ಜೊತೆ ಕುಡಿಯುತ್ತಿದ್ದ ಗೆಳೆಯ ಅಶ್ವಥ್ ಕುಡುಗೋಲು ಹಿಡಿದು ಅಂಗಳದಲ್ಲಿ ನಿಂತಿದ್ದ. ನವ್ಯಶ್ರೀ ಸುಮ್ಮನಿರಲಿಲ್ಲ.

"ಕುಡ್ಸೋಕೂ ನೀನೇ, ಕುಯ್ಯೋಕೂ ನೀನೇಯಾ?"

"ಇವತ್ತು ಕುಯ್ಯೋಕೆ ಬಂದಿವ್ನಿ ಅತ್ತಿಗೆ. ಬೈಯೋದ್ನ ಸಾಯಂಕಾಲಕ್ಕೆ ಮಡಿಕ್ಕೊಳಿ" ಎಂದು ಹೇಳಿ, ನನ್ನ ಮುಂದೆ ಬಗ್ಗಿ, "ಬೇಕಾರೆ ಮೂಸ್ಕೊಳಿ ಮಿಸ್ಸು, ಹಾ!" ಎಂದ. ಹಲ್ಲುಪುಡಿಯ ವಾಸನೆ ಬಂತು. ಆ ದುಃಖದಲ್ಲೂ ಭದ್ರಮ್ಮ ನಕ್ಕುಬಿಟ್ಟಳು.

ಡಾಕ್ಟರು ಮಾತಾಡಿದ ದಿನ ಸಂಜೆ ಸೊಪ್ಪಿನ ಹೊರೆಯ ಪಕ್ಕ ಕೂತು ಅಶ್ವಥ್ ನನ್ನೊಬ್ಬಳಿಗೇ ಹೇಳಿದ: "ಎರಡು ತಿಂಗ್ಳಿಂದ ಕಕ್ಕಸ್ಸು ಕಪ್ಪಗೆ ಹೋಯ್ತದೆ ಕಣ್ಲಾ ಅಂತಿದ್ದ ಗಂಗ, ಮಿಸ್ಸು. ರಾಗಿ ತಿಂದ್ರೆ ಅಂಗೇ ಕಣ್ಲಾ ಅಂದ್ಬುಟ್ಟೆ ನಾನು." ಅವನ ಕಣ್ಣು ತುಂಬಿತ್ತು. ನನ್ನ ಮಾತ್ರೆಯ ವಿಷಯ ನಾನೂ ಅವನಿಗೆ ಹೇಳಿದೆ. ಇಬ್ಬರೂ ಸೇರಿ ಎದ್ದು ಸೊಪ್ಪು ಹಾಕಿದೆವು.

ಪಕ್ಕದ ಮನೆಯ ಕೆಂಚಮ್ಮ ಮಾನ್ಯಳ ಬುತ್ತಿಯನ್ನು ತಾನೇ ಕಟ್ಟಿದಳು, ಒಂದು ವಾರ. ಪುಟ್ಟಲಿಂಗಯ್ಯ, ಅರವತ್ತೆಂಟರ ನನ್ನ ತಮ್ಮ, ಇಪ್ಪತ್ತು ವರ್ಷದ ಮೇಲೆ ಮತ್ತೆ ಹುಳು ಮನೆಗೆ ಕಾಲಿಟ್ಟು ಮೂರು ಹೊತ್ತೂ ಸೊಪ್ಪು ಹಾಕಿದ. ಹುಳು ಹಣ್ಣಾಯಿತು, ಗೂಡು ಕಟ್ಟಿತು. ಗಂಗ ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನ ಗೂಡು ಮಾರ್ಕೆಟ್ಟಿಗೆ ಹೋಯಿತು. ಸುಹೇಲ್ ಬಿಳಿ ಬಟ್ಟೆಯನ್ನು ತಾನೇ ಒಗೆದು, ಕಲೆ ಹೋಗಿಸಿ, ಮಡಿಸಿ ತಂದಿದ್ದ.

ಗೂಡು ಮಾರಿದ ದಿನ ಸಾರಿಗೆ ಬಾಡು, ಕುಡಿಯಲು ಬಾಟಲಿ ತರುವುದು ನಮ್ಮ ಕಡೆ ನಡೆದು ಬಂದದ್ದು. ಸಂಜೆ ಪುಟ್ಟಲಿಂಗಯ್ಯ ಚೀಲ ಹಿಡಿದು ಬಂದ. ಜಗಲಿಯಲ್ಲಿ ಗಂಗ ಕಂಬಳಿ ಹೊದ್ದು ಕೂತಿದ್ದ. ಚೀಲದೊಳಗೆ ಗಾಜು ತಾಕುವ ಸದ್ದು ಎಲ್ಲರಿಗೂ ಕೇಳಿಸಿತು. ನವ್ಯಶ್ರೀ ಬಾಗಿಲಿಗೆ ಬಂದು ನಿಂತಳು.

"ಬಾಡು ಕೊಡಿ ಮಾವ. ಬಾಟ್ಲಿ ಒಳಕ್ಕೆ ಬ್ಯಾಡ."

"ಅದು ಅವ್ನಿಗಲ್ಲ, ನಂಗೆ."

"ಯಾರ್ಗಾದ್ರೂ ಆಗ್ಲಿ."

"ನನ್ ಮನೇಲಿ ನಂಗೇ ಕಾಯ್ದೆ ಮಾಡೋಳಾ ನೀನು?"

ಭದ್ರಮ್ಮ ಒಳಗಿನಿಂದ ಬಂದಳು. "ಹೋಗ್ಲಿ ಬುಡು ನವ್ಯ, ಮುದುಕ, ಒಂದ್ ಲೋಟ..."

"ಒಂದ್ ಲೋಟದ ವಾಸ್ನೆ ಸಾಕಲ್ವಾ ಅತ್ತೆ, ಇವ್ರಿಗೆ? ಹುಳಕ್ಕೆ ಕಾಯ್ದೆ ಮಾಡಿಲ್ವಾ ಈ ಮನೇಲಿ? ಹುಳದ ಬಾಗ್ಲಿಗೆ ಬಾಟ್ಲಿ ತರಲ್ಲ ಯಾರೂ. ಅಜ್ಜಿ ಕಾಲ್ದಿಂದ ತಂದಿಲ್ಲ. ನನ್ ಗಂಡ ಹುಳಕ್ಕಿಂತ ಕಡೇನಾ ಮಾವ?"

ಗಂಗ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡ. ನಾನು ಅಲ್ಲೇ ನಿಂತು, ಇಷ್ಟು ವರ್ಷ ನಾವು ಮಾಡಿದ ತಪ್ಪು ಯಾವುದೆಂದು ಮೊದಲ ಸಲ ನೋಡಿದೆ. ಮೂರು ತಲೆಮಾರು ಹುಳುವಿನ ಹೊಟ್ಟೆ ಕಾಯ್ದೆವು. ಆರು ಗಂಟೆಗೆ ಆ ಬಾಗಿಲು ಹಾಕಿದ ಮೇಲೆ ನಮ್ಮ ಹುಡುಗನ ಹೊಟ್ಟೆಗೆ ಏನು ಬೀಳುತ್ತದೆಂದು ಯಾರೂ ಕೇಳಲಿಲ್ಲ. ಕಟ್ಟಳೆ ಪಾಲಿಸುತ್ತಾನೆ ಎಂದು ಮೆಚ್ಚಿಕೊಂಡೆವು.

ಪುಟ್ಟಲಿಂಗಯ್ಯ ಬಾಡಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟು, ಬಾಟಲಿ ಹಿಡಿದು ಕುರಿ ದೊಡ್ಡಿಗೆ ಹೋದ. ಅವತ್ತಿನಿಂದ ಸಂಜೆ ಹೊತ್ತು ಅಲ್ಲೇ, ದೊಡ್ಡಿಯ ಗೋಡೆಯ ಮೇಲೆ ಒಬ್ಬನೇ ಕೂರತೊಡಗಿದ. ಸೊಸೆಯ ಜೊತೆ ಮಾತು ಬಿಟ್ಟ. "ಉಪ್ಪು ಕಮ್ಮಿ ಅಂತ ಹೇಳು ಅವ್ಳಿಗೆ" ಎಂದು ಭದ್ರಮ್ಮನ ಮೂಲಕ ಹೇಳಿಸುತ್ತಿದ್ದ. "ಉಪ್ಪು ಮಾವನ ಪಕ್ಕದಲ್ಲೇ ಐತೆ ಅಂತ ಹೇಳಿ" ಎಂದು ಅವಳೂ ಹೇಳಿಸುತ್ತಿದ್ದಳು.

ಅಡುಗೆ ಬದಲಾಯಿತು. ಮೆತ್ತನೆ ಅನ್ನ, ಹೆಸರುಬೇಳೆ, ಸೋರೆಕಾಯಿ, ಮಜ್ಜಿಗೆ. ಗಂಗ ಗೊಣಗುತ್ತಿದ್ದ, "ಇದೇನ್ ಊಟನಾ, ಬಾಣಂತಿ ಪಥ್ಯನಾ?" ಎಂದು. ಮಾನ್ಯ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು, ಹೊಡೆದ ಕೂಡಲೇ ಮಾತ್ರೆ ಹಿಡಿದು ಎದುರು ನಿಲ್ಲುತ್ತಿದ್ದಳು. "ನುಂಗಿ. ಬಾಯಿ ತೆಗೀರಿ. ನಾಲ್ಗೆ ಎತ್ತಿ."

"ನೀನೇನು ಪೊಲೀಸಾ?"

"ನಿಮ್ ಮಗಳು. ಎತ್ತಿ."

ನವ್ಯಶ್ರೀ ಕ್ಯಾಂಟೀನಿನವರಿಗೆ ಹೇಳಿ ಪಾಳಿ ಬದಲಾಯಿಸಿಕೊಂಡಳು. ಬೆಳಿಗ್ಗೆ ತಾನೇ ನಿಂತು ಗಂಗನಿಗೆ ಎರಡು ಇಡ್ಲಿ ತಿನ್ನಿಸಿದ ಮೇಲೇ ತೋಟಕ್ಕೆ ಬಿಡುತ್ತಿದ್ದಳು. ಅವನ ಮುಖಕ್ಕೆ ಕಳೆ ಬಂತು. ಆದರೆ ಸಂಜೆ ಏಳಾಗುತ್ತಿದ್ದಂತೆ ಅವನ ಕಾಲು ನಿಲ್ಲುತ್ತಿರಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಪ್ರತಿ ಸಲ ದೊಡ್ಡಿಯ ಕಡೆ ತಿರುಗಿ ನೋಡುತ್ತಿದ್ದ.

ಒಂದು ಸಂಜೆ ನಾನೇ ದೊಡ್ಡಿಗೆ ಹೋದೆ. ತಮ್ಮ ಜರುಗಿ ಜಾಗ ಕೊಟ್ಟ. ನನ್ನ ಮೊಣಕಾಲಿಗೆ ಎತ್ತರವಾಗುತ್ತದೆಂದು ಒಂದು ಕಲ್ಲನ್ನು ಕಾಲಲ್ಲೇ ಸರಿಸಿ ಮೆಟ್ಟಿಲು ಮಾಡಿದ.

"ಪುಟ್ಟ, ಒಂದೆರಡು ತಿಂಗಳು ನೀನೂ ಬಿಟ್ಟು ನೋಡಬಾರದಾ?"

"ನಾನೇನ್ ತಪ್ ಮಾಡ್ದೆ ಅಕ್ಕ? ಒಂದು ಲೋಟ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ."

"ತಪ್ಪು ಅಂತ ನಾನು ಅಂದೆನಾ?"

ಅವನು ಕುರಿಗಳನ್ನು ನೋಡುತ್ತಲೇ ಹೇಳಿದ: "ಹಗಲೆಲ್ಲ ಅವನು ತೋಟದಲ್ಲಿ, ಹುಳದ ಮನೇಲಿ. ನಾನು ಕುರಿ ಹಿಂದೆ. ಅದೊಂದ್ ಗಂಟೆನೇ ಅಕ್ಕ, ನನ್ ಮಗ ನನ್ ಪಕ್ಕ ಕೂತ್ಕೊಂಡು ಮಾತಾಡ್ತಿದ್ದುದು. ಲೋಟ ಇಲ್ಲ ಅಂದ್ರೆ ಯಾಕ್ ಕೂತ್ಕೊತಾನೆ ನನ್ ತಾವ?"

ನಾನು ಏಳಹೊರಟಾಗ ಅವನೇ ಕೈ ಹಿಡಿದು ಇಳಿಸಿಕೊಟ್ಟ. ವಾಪಸು ಬಂದೆ.

ಭಾದ್ರಪದ ಬಂತು. ಹೊಸ ಹುಳು ಮೂರನೇ ಜ್ವರ ಕಳೆದಿತ್ತು. ಆಸ್ಪತ್ರೆಯಿಂದ ಬಂದು ಆರು ವಾರ. ಅವತ್ತು ಮಧ್ಯಾಹ್ನ ಅಟ್ಟಣೆಯ ಒಂದು ಅಂಕಣದ ಹುಳುವೆಲ್ಲ ಮೆತ್ತಗಾಗಿ ಜೋತುಬಿದ್ದವು. ರೋಗ. ಗಂಗ ಅಷ್ಟನ್ನೂ ಬಳಿದು, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಮಿಕ್ಕವು ಉಳಿದವು, ನಷ್ಟ ದೊಡ್ಡದೇನಲ್ಲ. ಆದರೆ ಸಂಜೆ ಅವನು ಕೈಕಾಲು ತೊಳೆದು, ಜಗಲಿಯ ಮೇಲೂ ಕೂರದೆ, ನೇರವಾಗಿ ದೊಡ್ಡಿಯ ಕಡೆ ನಡೆದ.

ಅಡುಗೆಮನೆಯ ಕಿಟಕಿಯಿಂದ ದೊಡ್ಡಿ ಕಾಣುತ್ತದೆ, ಹತ್ತು ಹೆಜ್ಜೆ ದೂರ. ಗೋಡೆಯ ಮೇಲಿನ ಬಲ್ಬು ಆಗಲೇ ಹತ್ತಿತ್ತು. ನಾನು ಸೊಪ್ಪು ಬಿಡಿಸುತ್ತಿದ್ದೆ. ಅವನ ಮಾತು ಚೆನ್ನಾಗಿ ಕೇಳಿಸಿತು.

"ಒಸಿ ಕೊಡಪ್ಪ. ಒಂದೇ ಗುಟುಕು."

ಪುಟ್ಟಲಿಂಗಯ್ಯನ ಕೈಯಲ್ಲಿ ತುಂಬಿದ ಲೋಟ ಇತ್ತು. ನವ್ಯಶ್ರೀ ಸೌಟು ಬಿಟ್ಟು ಬಾಗಿಲಿಗೆ ಓಡಿದಳು. ಭದ್ರಮ್ಮ ಅವಳ ಮುಂಗೈ ಹಿಡಿದು ನಿಲ್ಲಿಸಿಕೊಂಡಳು. ಏಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತೈದು ವರ್ಷ ಜೊತೆಗೆ ಬಾಳಿದವಳಿಗೆ ಏನು ಕಂಡಿತೋ.

"ಅಪ್ಪ. ಒಂದೇ."

ತಮ್ಮ ಲೋಟ ನೋಡಿದ. ಮಗನ ಮುಖ ನೋಡಿದ. "ಕೂತ್ಕೊ" ಎಂದ. ಗಂಗ ಗೋಡೆಯ ಮೇಲೆ ಕೂತ.

ಪುಟ್ಟಲಿಂಗಯ್ಯ ಲೋಟ ಹಿಡಿದುಕೊಂಡೇ ಎದ್ದು, ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದ. ನಾವು ಮೂವರೂ ಗೋಡೆಗೆ ಸರಿದು ನಿಂತೆವು. ಲೋಟವನ್ನು ಬಚ್ಚಲಿಗೆ ಸುರಿದು, ಎರಡು ಸಲ ತೊಳೆದು, ಮೂಸಿ ನೋಡಿ ಮತ್ತೊಮ್ಮೆ ತೊಳೆದ. ಆಮೇಲೆ ತಟ್ಟೆಗಳ ಸ್ಟ್ಯಾಂಡಿನ ಮುಂದೆ ನಿಂತು ಹುಡುಕಿದ.

"ಗಂಗನ ತಟ್ಟೆ ಯಾವ್ದು?" ಎಂದ, ನೇರವಾಗಿ ಸೊಸೆಯನ್ನೇ.

ನವ್ಯಶ್ರೀ ತೆಗೆದುಕೊಟ್ಟಳು. ಮೆತ್ತನೆ ಅನ್ನ ಬಡಿಸಿ, ಹೆಸರುಬೇಳೆ ತೊವ್ವೆ ಹಾಕಿದಳು. "ನಿಮ್ಗೂ ಅಲ್ಲಿಗೇ ಹಾಕ್ಕೊಡ್ಲಾ ಮಾವ?"

"ಅದನ್ನೇ ಹಾಕು."

ಎರಡು ತಟ್ಟೆ ಹಿಡಿದು, ತೊವ್ವೆ ತುಳುಕದಂತೆ ಮೆಲ್ಲಗೆ ಹೆಜ್ಜೆ ಇಡುತ್ತ ಅವನು ಹಿತ್ತಲು ದಾಟಿದ. ತಟ್ಟೆ ಹಿಡಿದು ನಡೆದು ಅಭ್ಯಾಸವಿಲ್ಲದ ಕೈ. ದೊಡ್ಡಿಯ ಗೋಡೆಯ ಹತ್ತಿರ ನಿಂತು, ಒಂದನ್ನು ಮಗನ ಕಡೆ ಚಾಚಿದ.

ಗಂಗ ಎರಡೂ ಕೈಯಲ್ಲಿ ತೆಗೆದುಕೊಂಡ.